ಆರಿಹೋದವೆಂದು ಬರೆದಿಟ್ಟ ತಾರೆಗಳು

ಕ್ರಿ.ಶ. 1800ನೆಯ ಇಸವಿ. ಇಂಗ್ಲೆಂಡಿನ ಸ್ಲೋ ಎಂಬ ಊರಿನಲ್ಲಿ ವಿಲಿಯಂ ಹರ್ಷೆಲ್ ಬಣ್ಣಬಣ್ಣದ ಗಾಜುಗಳನ್ನು ಒಂದೊಂದಾಗಿ ದೂರದರ್ಶಕಕ್ಕೆ ಹಿಡಿದು ಸೂರ್ಯನನ್ನು ನೋಡುತ್ತಿದ್ದನು. ಜರ್ಮನಿಯ ಹ್ಯಾನೋವರ್‌ನಲ್ಲಿ ಹುಟ್ಟಿ, ಬಾತ್ ನಗರದಲ್ಲಿ ಸಂಗೀತವನ್ನು ನಂಬಿ ಬದುಕಿ, 1781ರಲ್ಲಿ ಯುರೇನಸ್ ಗ್ರಹವನ್ನು ಕಂಡು ರಾಜಾಶ್ರಯ ಪಡೆದವನು ಅವನು. ಕೆಲವು ಗಾಜುಗಳು ಬೆಳಕನ್ನು ತಡೆದರೂ ಕಣ್ಣಿಗೆ ಬಿಸಿ ತಾಗುತ್ತಿತ್ತು. ಕೆಲವು ಬೆಳಕು ಬಿಟ್ಟರೂ ತಂಪಾಗಿದ್ದವು. ಯಾವ ಬಣ್ಣಕ್ಕೆ ಎಷ್ಟು ಶಾಖವೆಂದು ಅಳೆದೇ ನೋಡಬೇಕೆಂದು ಅವನು ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ, ಗುಂಡಿಗೆ ಕಪ್ಪು ಬಳಿದ ಉಷ್ಣಮಾಪಕವನ್ನು ಬಣ್ಣದಿಂದ ಬಣ್ಣಕ್ಕೆ ಸರಿಸಿದನು. ನೇರಳೆಯಿಂದ ಕೆಂಪಿನ ಕಡೆಗೆ ಬಂದಂತೆ ಪಾದರಸ ಏರಿತು. ಕೆಂಪನ್ನು ದಾಟಿ ಏನೂ ಕಾಣದ ಕಡೆ ಇಟ್ಟಾಗ ಇನ್ನೂ ಮೇಲೇರಿತು. ಇಂದು ಅವಕೆಂಪು ಎಂದೂ ಇನ್‌ಫ್ರಾರೆಡ್ ಎಂದೂ ಕರೆಯುವ ಕಿರಣಗಳ ಚರಿತ್ರೆ ಅಲ್ಲಿಂದ ಆರಂಭವಾಗುತ್ತದೆ.

ಆ ಕಿರಣಗಳಿಂದ ನಕ್ಷತ್ರಗಳ ಸಂಗತಿ ತಿಳಿದೀತೆಂದು ಆಗ ಯಾರೂ ಎಣಿಸಿರಲಿಲ್ಲ. ನಕ್ಷತ್ರಗಳು ಯಾವ ದ್ರವ್ಯದಿಂದ ಆದವೆಂಬುದು ಮನುಷ್ಯನಿಗೆ ಎಂದೆಂದಿಗೂ ತಿಳಿಯದೆಂದು ಫ್ರಾನ್ಸಿನ ತತ್ತ್ವಜ್ಞಾನಿ ಆಗಸ್ಟ್ ಕಾಂಟ್ 1835ರಲ್ಲಿ ತೀರ್ಪು ಕೊಟ್ಟಿದ್ದನು. ಆ ತೀರ್ಪು ಕಾಲು ಶತಮಾನ ಬಾಳಲಿಲ್ಲ. 1859ರಲ್ಲಿ ಹೈಡಲ್‌ಬರ್ಗ್‌ನ ಕಿರ್ಕಾಫ್ ಮತ್ತು ಬುನ್ಸೆನ್, ಒಂದೊಂದು ಮೂಲವಸ್ತುವೂ ರೋಹಿತದಲ್ಲಿ, ಎಂದರೆ ಬೆಳಕನ್ನು ಬಿಡಿಸಿದಾಗ ಮೂಡುವ ಬಣ್ಣದ ಪಟ್ಟಿಯಲ್ಲಿ, ತನ್ನದೇ ರೇಖೆಗಳನ್ನು ಬಿಡುತ್ತದೆಂದು ತೋರಿಸಿದರು. ಲಂಡನ್ನಿನ ಟಲ್ಸ್ ಹಿಲ್‌ನಲ್ಲಿ ಸ್ವಂತ ವೀಕ್ಷಣಾಲಯ ಕಟ್ಟಿಕೊಂಡಿದ್ದ ವಿಲಿಯಂ ಹಗಿನ್ಸ್ ಈ ವಿದ್ಯೆಯನ್ನು ತಾರೆಗಳತ್ತ ತಿರುಗಿಸಿದನು.

1866ರ ಮೇ 12ರ ರಾತ್ರಿ ಐರ್ಲೆಂಡಿನ ಟ್ಯೂಮ್ ಊರಿನ ಜಾನ್ ಬರ್ಮಿಂಗ್‌ಹ್ಯಾಮ್, ಉತ್ತರ ಕಿರೀಟ ಪುಂಜದಲ್ಲಿ ಮುನ್ನಾದಿನ ಕಾಣದಿದ್ದ ಉಜ್ವಲ ತಾರೆಯೊಂದನ್ನು ಕಂಡನು. ಇಂಥ ತಾರೆಗಳಿಗೆ ನೋವಾ ಎಂಬ ಹೆಸರು ಆಗಲೇ ರೂಢಿಯಲ್ಲಿತ್ತು. ಸುದ್ದಿ ತಲುಪಿದ ಹಗಿನ್ಸ್ ಮೇ 16ರಂದು ಅದರ ಬೆಳಕನ್ನು ರೋಹಿತದರ್ಶಕದಲ್ಲಿ ಬಿಡಿಸಿ ನೋಡಿದನು. ಸೂರ್ಯನ ರೋಹಿತದಂತೆ ಕಪ್ಪು ಗೆರೆಗಳಿದ್ದ ಪಟ್ಟಿಯ ಮೇಲೆ, ಜಲಜನಕದ್ದೆಂದು ಗುರುತಿಸಬಹುದಾದ ಹೊಳೆಯುವ ಗೆರೆಗಳು ಕೂತಿದ್ದವು. ತಾರೆಯನ್ನು ಉರಿಯುವ ಜಲಜನಕ ಸುತ್ತಿಕೊಂಡಿದೆ ಎಂದು ಅವನು ಬರೆದನು. ಜಲಜನಕವೆಂದದ್ದು ನಿಜವಾಯಿತು, ಉರಿಯೆಂದದ್ದು ಮುಂದೆ ಬಿದ್ದುಹೋಯಿತು. ಹತ್ತು ದಿನ ಕಳೆಯುವಷ್ಟರಲ್ಲಿ ಆ ತಾರೆ ಬರಿಗಣ್ಣಿಗೆ ಕಾಣದಾಯಿತು. ನೋವಾದ ರೋಹಿತವನ್ನು ಮನುಷ್ಯ ಓದಿದ್ದು ಅದೇ ಮೊದಲು.

ಅಲ್ಲಿಂದ ಎಪ್ಪತ್ತು ವರ್ಷ ನೋವಾಗಳ ದಿನಚರಿಯನ್ನು ಬರೆದದ್ದು ಕಣ್ಣಿಗೆ ಕಾಣುವ ಬೆಳಕೊಂದೇ. ಆ ದಿನಚರಿಗೆ 1935ರಲ್ಲಿ ದೊಡ್ಡ ಒಗಟೊಂದು ಎದುರಾಯಿತು. 1934ರ ಡಿಸೆಂಬರ್ 13ರ ನಸುಕಿನಲ್ಲಿ ಇಂಗ್ಲೆಂಡಿನ ಹವ್ಯಾಸಿ ವೀಕ್ಷಕ ಪ್ರೆಂಟಿಸ್ ಹರ್ಕ್ಯುಲಿಸ್ ಪುಂಜದಲ್ಲಿ ನೋವಾವೊಂದನ್ನು ಕಂಡಿದ್ದರು. ಅದು ಪ್ರಥಮ ವರ್ಗದ ತಾರೆಗಳ ಸಾಲಿಗೆ ಏರಿ, ಮೂರು ತಿಂಗಳಿಗೂ ಮಿಕ್ಕಿ ಏರಿಳಿಯುತ್ತ ನಿಧಾನವಾಗಿ ಮಂಕಾಯಿತು. ಏಪ್ರಿಲ್‌ನಲ್ಲಿ ಮಾತ್ರ ಕೆಲವೇ ವಾರಗಳೊಳಗೆ ಅದರ ಬೆಳಕು ಪಾತಾಳಕ್ಕೆ ಕುಸಿದು, ಒಳ್ಳೆಯ ದೂರದರ್ಶಕಕ್ಕಷ್ಟೇ ಸಿಗುವಂತಾಯಿತು. ತಾರೆಯ ಕಥೆ ಮುಗಿಯಿತೆಂದು ಎಣಿಸಿದವರಿದ್ದರು. ಅಷ್ಟರಲ್ಲಿ ಅದು ಮತ್ತೆ ಬೆಳಗಿ, ಬಿಟ್ಟುಹೋದ ಇಳಿಜಾರನ್ನೇ ಹಿಡಿದು ಇಳಿಯತೊಡಗಿತು. ಅಮೆರಿಕದ ಡೀನ್ ಮೆಕ್‌ಲಾಫ್ಲಿನ್ ಒಂದು ಊಹೆ ಮುಂದಿಟ್ಟರು: ತಾರೆ ಆರಿಲ್ಲ, ತಾನು ಉಗುಳಿದ ಅನಿಲ ತಣಿದು ಧೂಳಾಗಿ, ಆ ಧೂಳೇ ಅದನ್ನು ಮುಚ್ಚಿದೆ. ಊಹೆ ಸೊಗಸಾಗಿತ್ತು. ಆದರೆ ಸಾಕ್ಷಿ ಬೇಕಲ್ಲ? ಧೂಳು ನುಂಗಿದ ಬೆಳಕು ಶಾಖವಾಗಿ ಹೊರಬಿದ್ದೇ ತೀರಬೇಕು. ಆ ಶಾಖವನ್ನು ಹಿಡಿಯುವ ಸಲಕರಣೆ ಅಂದಿನ ವೀಕ್ಷಣಾಲಯಗಳಲ್ಲಿ ಇರಲಿಲ್ಲ.

ಆಕಾಶಕಾಯಗಳ ಶಾಖವನ್ನು ಅಳೆಯುವ ಯತ್ನಗಳು ನಡೆದಿರಲಿಲ್ಲವೆಂದಲ್ಲ. ಪಿಯಾಜಿ ಸ್ಮಿತ್ 1856ರಲ್ಲಿ ಟೆನೆರಿಫ್ ದ್ವೀಪದ ಬೆಟ್ಟ ಹತ್ತಿ ಚಂದ್ರನ ಶಾಖವನ್ನು ಹಿಡಿದಿದ್ದನು. ಲ್ಯಾಂಗ್ಲಿ ಶಾಖಕಿರಣಗಳನ್ನು ಅಳೆಯುವ ಬೋಲೋಮೀಟರನ್ನು ನಿರ್ಮಿಸಿದ್ದನು. ಆದರೆ ನಿಜವಾದ ಬಲ ಬಂದದ್ದು ಎರಡನೆಯ ಮಹಾಯುದ್ಧದಿಂದ. ಶತ್ರುವಿನ ಯಂತ್ರಗಳ ಶಾಖವನ್ನು ಪತ್ತೆಹಚ್ಚಲು ಸಿದ್ಧಪಡಿಸಿದ ಸೀಸದ ಸಲ್ಫೈಡ್ ಸಂವೇದಕಗಳು ಯುದ್ಧ ಮುಗಿದ ಮೇಲೆ ಖಗೋಳಜ್ಞರ ಕೈಸೇರಿದವು. 1961ರಲ್ಲಿ ಫ್ರಾಂಕ್ ಲೋ ಜರ್ಮೇನಿಯಂ ಬೋಲೋಮೀಟರನ್ನು ರೂಪಿಸಿದರು. ದ್ರವ ಹೀಲಿಯಂನಲ್ಲಿ ತಣಿಸಿಟ್ಟರಷ್ಟೇ ಅದು ಕೆಲಸ ಮಾಡುತ್ತಿತ್ತು. ಗೆರಿ ನ್ಯೂಗೆಬಾವರ್ ಮತ್ತು ರಾಬರ್ಟ್ ಲೇಟನ್ ಮೌಂಟ್ ವಿಲ್ಸನ್‌ನಿಂದ ಆಕಾಶವನ್ನು ಅವಕೆಂಪಿನಲ್ಲಿ ಶೋಧಿಸಿ, ಐದು ಸಾವಿರಕ್ಕೂ ಮಿಕ್ಕಿದ ಆಕರಗಳ ಪಟ್ಟಿಯನ್ನು 1969ರಲ್ಲಿ ಹೊರತಂದರು. ಕಣ್ಣಿಗೆ ಮಂಕಾದ ಎಷ್ಟೋ ತಾರೆಗಳು ಆ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲಿ ಕೂತಿದ್ದವು.

ಮರುವರ್ಷವೇ ಪರೀಕ್ಷೆಯ ಗಳಿಗೆ ಬಂತು. 1970ರ ಫೆಬ್ರವರಿಯಲ್ಲಿ ಜಪಾನಿನ ಮಿನೋರು ಹೋಂಡಾ ಸರ್ಪ ಪುಂಜದಲ್ಲಿ ನೋವಾವೊಂದನ್ನು ಕಂಡರು. ಹೈಲ್ಯಾಂಡ್ ಮತ್ತು ನ್ಯೂಗೆಬಾವರ್ ಅದನ್ನು ಅವಕೆಂಪಿನಲ್ಲಿ ಹಿಂಬಾಲಿಸಿದರು. ಗೈಸೆಲ್, ಕ್ಲೈನ್‌ಮನ್ ಮತ್ತು ಲೋ ಬೇರೆಯಾಗಿ ಹಿಂಬಾಲಿಸಿದರು. ಸುಮಾರು ಎರಡು ತಿಂಗಳಾದಾಗ, 1935ರಲ್ಲಿ ಆದಂತೆಯೇ, ಕಣ್ಣಿಗೆ ಕಾಣುವ ಬೆಳಕು ಕುಸಿಯಿತು. ಅದೇ ದಿನಗಳಲ್ಲಿ ಅವಕೆಂಪಿನ ಬೆಳಕು ಏರಿತು. ಆ ಹೊಳಪು ಸುಮಾರು ಸಾವಿರ ಡಿಗ್ರಿಯ ಧೂಳಿನದು. ಭೂಮಿಯ ಸುತ್ತ ಸುತ್ತುತ್ತಿದ್ದ ಒಎಒ-2 ಉಪಗ್ರಹ ಅದೇ ತಾರೆಯನ್ನು ಅತಿನೇರಳೆಯಲ್ಲಿ ನೋಡಿತ್ತು. ಎಲ್ಲ ಲೆಕ್ಕಗಳನ್ನು ಕೂಡಿಸಿದಾಗ ಹೊರಬಿದ್ದ ಸತ್ಯ ಇದು: ಕಣ್ಣಿಗೆ ತಾರೆ ಮಂಕಾಗುತ್ತಿದ್ದ ವಾರಗಳಲ್ಲಿ ಅದು ಹೊರಸೂಸುತ್ತಿದ್ದ ಒಟ್ಟು ಶಕ್ತಿ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಮೊದಲು ಕಾಣುವ ಬೆಳಕಾಗಿ, ಬಳಿಕ ಅತಿನೇರಳೆಯಾಗಿ, ಧೂಳು ಹುಟ್ಟಿದ ಮೇಲೆ ಅವಕೆಂಪಾಗಿ ಅದು ಹೊರಬರುತ್ತಿತ್ತು. ಮೆಕ್‌ಲಾಫ್ಲಿನ್ನರ ಊಹೆಗೆ ಮೂವತ್ತೈದು ವರ್ಷಗಳ ಬಳಿಕ ಸಾಕ್ಷಿ ಸಿಕ್ಕಿತ್ತು.

ಈ ನಡುವೆ ನೋವಾದ ಬಸಿರಿನ ಗುಟ್ಟೂ ಹೊರಬಿದ್ದಿತ್ತು. ಹರ್ಕ್ಯುಲಿಸ್‌ನ ಆ ನೋವಾ ಒಂಟಿ ತಾರೆಯಲ್ಲ, 4 ಗಂಟೆ 39 ನಿಮಿಷಕ್ಕೊಮ್ಮೆ ಒಂದನ್ನೊಂದು ಸುತ್ತುವ ಜೋಡಿಯೆಂದು ಮರ್ಲ್ ವಾಕರ್ 1954ರಲ್ಲಿ ಕಂಡರು. ನೋವಾಗಳೆಲ್ಲವೂ ಇಂಥ ಜೋಡಿಗಳೆಂಬುದನ್ನು ರಾಬರ್ಟ್ ಕ್ರಾಫ್ಟ್ 1960ರ ದಶಕದಲ್ಲಿ ಗಟ್ಟಿಮಾಡಿದರು. ಜೋಡಿಯಲ್ಲೊಂದು ಶ್ವೇತಕುಬ್ಜ, ಎಂದರೆ ಇಂಧನ ತೀರಿ ಕುಗ್ಗಿದ ದಟ್ಟ ತಾರೆ. ಸಂಗಾತಿಯಿಂದ ಸೆಳೆದ ಜಲಜನಕ ಅದರ ಮೈಮೇಲೆ ಪದರಗಟ್ಟುತ್ತದೆ. ಒತ್ತಡ, ಶಾಖ ಮಿತಿಮೀರಿದಾಗ ಪರಮಾಣುಗಳು ಬೆಸೆದು ಪದರವಿಡೀ ಸಿಡಿಯುತ್ತದೆ. ಶ್ವೇತಕುಬ್ಜ ಉಳಿಯುತ್ತದೆ, ಮತ್ತೆ ಸಂಗ್ರಹ ಆರಂಭಿಸುತ್ತದೆ. ಉತ್ತರ ಕಿರೀಟದ ಆ ತಾರೆ 1946ರಲ್ಲಿ ಮತ್ತೆ ಸಿಡಿದದ್ದು ಹೀಗೆ.

ಅವಕೆಂಪಿನ ಹೊಳಪನ್ನು ಅಳೆಯುವುದು ಒಂದು, ಅದರ ರೋಹಿತವನ್ನು ಓದುವುದು ಇನ್ನೊಂದು. ಧೂಳಿನ ಗುಣ, ಅಣುಗಳ ಜಾತಿ, ಅನಿಲದ ವೇಗ ತಿಳಿಯುವುದು ಎರಡನೆಯದರಿಂದ. 2.3 ಮೈಕ್ರಾನ್ ಅಲೆಯುದ್ದದ ಬಳಿ ಕಾರ್ಬನ್ ಮೊನಾಕ್ಸೈಡ್ ತನ್ನ ಗುರುತು ತೋರುತ್ತದೆ. 10 ಮೈಕ್ರಾನಿನ ಆಸುಪಾಸಿನ ಉಬ್ಬು ಸಿಲಿಕೇಟ್ ಧೂಳನ್ನು ಸೂಚಿಸುತ್ತದೆ. ದೀಪದ ಗಾಜಿಗೆ ಹಿಡಿದ ಮಸಿಯಂಥ ಇಂಗಾಲದ ಧೂಳಿಗೆ ಅಂಥ ಉಬ್ಬಿಲ್ಲ. ವಯೋಮಿಂಗ್‌ನ ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ರಾಬರ್ಟ್ ಗೆಹರ್ಜ್ ಮತ್ತು ಸಂಗಡಿಗರು 1984ರ ನೋವಾವೊಂದರಲ್ಲಿ 12.8 ಮೈಕ್ರಾನಿನ ನಿಯಾನ್ ರೇಖೆ ಪ್ರಬಲವಾಗಿರುವುದನ್ನು ಕಂಡರು. ಸಿಡಿದದ್ದು ಸಾಮಾನ್ಯ ಶ್ವೇತಕುಬ್ಜವಲ್ಲ, ಆಮ್ಲಜನಕ ಮತ್ತು ನಿಯಾನ್ ತುಂಬಿದ ಭಾರದ ಕುಬ್ಜ ಎಂಬುದಕ್ಕೆ ಅದು ಸುಳಿವು.

ಭಾರತ ಈ ಚರಿತ್ರೆಗೆ ಸೇರಿದ್ದು ಅರಾವಳಿಯ ಗುರುಶಿಖರದಲ್ಲಿ. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯ 1990ರ ದಶಕದಲ್ಲಿ ಮೌಂಟ್ ಅಬುವಿನಲ್ಲಿ, 1680 ಮೀಟರ್ ಎತ್ತರದಲ್ಲಿ, 1.2 ಮೀಟರ್ ಕನ್ನಡಿಯ ಅವಕೆಂಪು ದೂರದರ್ಶಕವನ್ನು ಸ್ಥಾಪಿಸಿತು. ಗಾಳಿಯಲ್ಲಿನ ನೀರಾವಿ ಅವಕೆಂಪನ್ನು ಹೀರುವುದರಿಂದ ಒಣ ಬೆಟ್ಟವೇ ಬೇಕು. ಮುಂಗಾರಿನ ತಿಂಗಳುಗಳಲ್ಲಿ ಅಬುವಿನಲ್ಲೂ ಕೆಲಸ ನಿಲ್ಲುತ್ತದೆ. ಎನ್. ಎಂ. ಅಶೋಕ್ ಮತ್ತು ಡಿ. ಪಿ. ಕೆ. ಬ್ಯಾನರ್ಜಿ ಅಲ್ಲಿ ನೋವಾಗಳ ರೋಹಿತಗಳನ್ನು ವರ್ಷಗಟ್ಟಲೆ ಸಂಗ್ರಹಿಸಿದರು. 2000ದ ಕೊನೆಯಲ್ಲಿ ಪಪ್ಪಿಸ್ ಪುಂಜದಲ್ಲಿ ಸಿಡಿದ ತಾರೆಯ ರೋಹಿತದಲ್ಲಿ ಅವರಿಗೆ ಜಲಜನಕದ ರೇಖೆಯೇ ಸಿಗಲಿಲ್ಲ. ಹೀಲಿಯಂ ಮತ್ತು ಇಂಗಾಲದವು ಸಿಕ್ಕವು. ಹೀಲಿಯಂ ನೋವಾ ಇರಬಹುದೆಂದು ಜಪಾನಿನ ಸಿದ್ಧಾಂತಿಗಳು 1989ರಲ್ಲೇ ಹೇಳಿದ್ದರು. ಅದಕ್ಕೆ ಉದಾಹರಣೆ ಇದೆಂದು ಇವರು ವಾದಿಸಿದರು. 2006ರ ಫೆಬ್ರವರಿಯಲ್ಲಿ ಉರಗಧರ ಪುಂಜದ ಆರ್‌ಎಸ್ ಒಫಿಯೂಕಿ ಮತ್ತೆ ಸಿಡಿದಾಗ, ರೇಖೆಗಳ ಅಗಲ ದಿನದಿನಕ್ಕೆ ಕಿರಿದಾಗುವುದನ್ನು ಅಳೆದು, ಸಂಗಾತಿ ಕೆಂಪು ದೈತ್ಯದ ಗಾಳಿಗೆ ಬಡಿದು ಆಘಾತದ ಅಲೆ ವೇಗ ಕಳೆದುಕೊಳ್ಳುವುದನ್ನು ತೋರಿಸಿದರು. ಮರುವರ್ಷ ವೃಶ್ಚಿಕದಲ್ಲಿ ಬರಿಗಣ್ಣಿಗೂ ಕಂಡ ನೋವಾ ಇನ್ನೊಂದು ಪಾಠ ಕಲಿಸಿತು. ಸಿಡಿದ ಆರಂಭದಲ್ಲಿ ಸೋಡಿಯಂ ಮತ್ತು ಮೆಗ್ನೀಸಿಯಂ ರೇಖೆಗಳು ಕಂಡರೆ ಅನಿಲದಲ್ಲಿ ತಂಪಾದ ಎಡೆಗಳಿವೆಯೆಂದರ್ಥ. ಅಂಥಲ್ಲಿ ಧೂಳು ಹುಟ್ಟುವ ಸಂಭವ ಹೆಚ್ಚು. 1935ರವರಿಗೆ ಕುಸಿತ ಕಂಡ ಮೇಲೂ ಕಾರಣ ತಿಳಿದಿರಲಿಲ್ಲ. ಈಗ ಕುಸಿತಕ್ಕೆ ಮೊದಲೇ ಅದರ ಮುನ್ಸೂಚನೆ ಕೊಡುವುದು ಸಾಧ್ಯವಾಯಿತು.

ಇತ್ತ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಿಲ್ಲಿಸಿತು. ಅದರ ಎರಡು ಮೀಟರ್ ಕನ್ನಡಿಯನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಹೊಸಕೋಟೆಯಿಂದ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕಟ್ಟಿದ ಟಿಐಆರ್‌ಸ್ಪೆಕ್ ಎಂಬ ಅವಕೆಂಪು ರೋಹಿತಮಾಪಕ 2013ರಿಂದ ಅದಕ್ಕೆ ಜೊತೆಯಾಯಿತು.

ಈ ಎರಡು ಶತಮಾನಗಳ ಕಥೆಯಲ್ಲಿ ಹಿರಿಯ ಕನ್ನಡಿಗಳ ಪಾಲು ಚಿಕ್ಕದು. ನೋವಾ ಮುಹೂರ್ತ ನೋಡಿ ಸಿಡಿಯುವುದಿಲ್ಲ. ಜಗತ್ತಿನ ಮಹಾ ದೂರದರ್ಶಕಗಳ ರಾತ್ರಿಗಳಾದರೋ ತಿಂಗಳುಗಳ ಮೊದಲೇ ಹಂಚಿಹೋಗಿರುತ್ತವೆ. ಸುದ್ದಿ ಬಂದ ರಾತ್ರಿಯೇ ತಿರುಗಿ, ಆ ತಾರೆ ಆರಿತೆಂದು ಲೋಕ ಕೈಬಿಟ್ಟ ಮೇಲೂ ದಿನಬಿಡದೆ ನೋಡಬಲ್ಲದ್ದು ಬಿಡುವಿರುವ ಸಣ್ಣ ಕನ್ನಡಿ. ನೋವಾಗಳ ಬಗ್ಗೆ ನಮಗಿರುವ ಜ್ಞಾನದ ಹೆಚ್ಚಿನ ಭಾಗ ಅಂಥ ಕನ್ನಡಿಗಳ ಗಳಿಕೆ. ನಮ್ಮ ವಿಜ್ಞಾನ ಸಂಸ್ಥೆಗಳು ದೊಡ್ಡ ದೂರದರ್ಶಕಗಳಿಗೆ ಹಣ ಹೂಡುವಾಗ ಬೆಟ್ಟದ ಮೇಲಿನ ಈ ಸಣ್ಣವನ್ನು ಮುಚ್ಚದೆ ಉಳಿಸಿಕೊಳ್ಳಬೇಕು.