ಬೇಡದ ಓಲೆ ಮತ್ತು ಅನರ್ಥದಂಡವಿರತಿ

ಶ್ರಾವಕಾಚಾರ ಗ್ರಂಥಗಳು ಗೃಹಸ್ಥನಿಗೆ ವಿಧಿಸಿರುವ ವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಬದುಕಿನ ಅಗತ್ಯಗಳಿಗಾಗಿ ನಡೆಯುವ ಹಿಂಸೆ ಗೃಹಸ್ಥನಿಗೆ ಪೂರ್ಣವಾಗಿ ತಪ್ಪುವಂತಹುದಲ್ಲ. ಆದರೆ ಯಾವ ಪ್ರಯೋಜನವೂ ಇಲ್ಲದೆ ನಡೆಯುವ ಹಿಂಸೆಯನ್ನು ಅವನು ಬಿಡಲೇಬೇಕು ಎಂಬುದು ಈ ವ್ರತದ ತಾತ್ಪರ್ಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಪ್ರಮಾದಚರ್ಯೆಯನ್ನೂ ಸೇರಿಸಿದ್ದಾರೆ. ನಿಷ್ಕಾರಣವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡಮರಗಳನ್ನು ಕಡಿಯುವುದು ಇದರಲ್ಲಿ ಅಡಕವಾಗಿವೆ. ಕಾಗದದ ತಯಾರಿಕೆಗೆ ಮರ, ನೀರು, ಬೆಂಕಿ ಮೂರೂ ಬೇಕು. ಹೀಗಿರುವಾಗ, ಯಾರೂ ಕೇಳದ ಮತ್ತು ಬಹುಮಟ್ಟಿಗೆ ಯಾರೂ ಓದದ ಅಂಚೆಯನ್ನು ಅಚ್ಚು ಹಾಕಿಸಿ ಮನೆಮನೆಗೆ ಕಳುಹಿಸುವ ರೂಢಿಯನ್ನು ಈ ವ್ರತದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತವೇ ಆಗಿದೆ. ಅದಕ್ಕೆ ನಮ್ಮ ಕರಾವಳಿಯ ಬರವಣಿಗೆಯ ಚರಿತ್ರೆಯೇ ಒಳ್ಳೆಯ ಮಾರ್ಗದರ್ಶಿ.

ಬ್ರಹ್ಮಾವರ ತಾಲೂಕಿನ ಬಾರಕೂರು ಆಳುಪರ ರಾಜಧಾನಿಯಾಗಿತ್ತು. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರವಾಗಿತ್ತು. ಅಲ್ಲಿಯ ಕತ್ತಲೆ ಬಸದಿಯ ಅವಶೇಷಗಳೂ, ಕುಂದಾಪುರ ತಾಲೂಕಿನಲ್ಲಿ ವಾರಾಹಿ ನದಿಯ ದಡದ ಹಟ್ಟಿಯಂಗಡಿಯ ಬಸದಿಯೂ ಈ ಸೀಮೆಯಲ್ಲಿ ಜೈನಧರ್ಮ ನೆಲೆನಿಂತಿದ್ದ ಕಾಲವನ್ನು ಇಂದಿಗೂ ಸಾರುತ್ತಿವೆ. ಅಂದಿನವರು ಸಾರ್ವಜನಿಕರಿಗೆ ತಿಳಿಸಬೇಕಾದುದನ್ನು ಶಿಲೆಯಲ್ಲಿ ಕೊರೆಯಿಸಿದರು. ದಾನಿ ಯಾರು, ಭೂಮಿಯ ಎಲ್ಲೆ ಯಾವುದು, ಸಾಕ್ಷಿಗಳು ಯಾರು, ಧರ್ಮವನ್ನು ಕೆಡಿಸಿದವನಿಗೆ ಬರುವ ಪಾಪವೇನು ಎಂಬಷ್ಟನ್ನು ಹೇಳಿ ಶಾಸನ ಮುಗಿಯುತ್ತಿತ್ತು. ಒಂದೇ ಕಲ್ಲು, ಒಂದೇ ಪ್ರತಿ. ತಿಳಿಯಬೇಕಾದವನು ಕಲ್ಲಿನ ಬಳಿಗೆ ಬರುತ್ತಿದ್ದನು. ಕಲ್ಲು ಯಾರ ಬಾಗಿಲಿಗೂ ಹೋಗುತ್ತಿರಲಿಲ್ಲ.

ಗ್ರಂಥಗಳಿಗೆ ತಾಳೆಗರಿ ಒದಗಿತು. ಕರಾವಳಿಯ ಶ್ರೀತಾಳೆ ಮರವು ಹಲವು ದಶಕಗಳ ಕಾಲ ಬೆಳೆದು, ಜೀವಮಾನದಲ್ಲಿ ಒಮ್ಮೆ ಮಾತ್ರ ಹೂಬಿಟ್ಟು, ಕಾಯಿ ಮಾಗಿದ ಮೇಲೆ ಸಾಯುತ್ತದೆ. ಅದರ ಗರಿಯನ್ನು ಹದಗೊಳಿಸಿ, ಅಳತೆಗೆ ಕತ್ತರಿಸಿ, ಲೋಹದ ಕಂಟದಿಂದ ಅಕ್ಷರ ಕೊರೆದು, ಮಸಿ ತುಂಬಬೇಕಾಗಿತ್ತು. ಇಷ್ಟು ಶ್ರಮದಿಂದ ಸಿದ್ಧವಾದ ಓಲೆಯಲ್ಲಿ ವ್ಯರ್ಥವಾದ ಮಾತಿಗೆ ಎಡೆಯಿರಲಿಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿಯ ಪ್ರತಿಗಳು ಶತಮಾನಗಳ ಕಾಲ ಉಳಿದುಬಂದವು. ಅವುಗಳ ಪ್ರತಿಲಿಪಿ ಮಾಡುವ ಕಾರ್ಯ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ ದಶಕಗಳ ಕಾಲ ನಡೆಯಿತು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾದುದು 1939ರಲ್ಲಿ.

ಹಾಗಾದರೆ ಹೆಚ್ಚು ಪ್ರತಿಗಳನ್ನು ಮಾಡಿಸುವುದೇ ದೋಷವೆ? ಅಲ್ಲ. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ನಾಡಿಗೆಲ್ಲ ತಿಳಿದ ಸಂಗತಿ. ಅದು ಶಾಸ್ತ್ರದಾನ. ಓದುವವರಿಗೆ ಪ್ರತಿ ದೊರೆಯದೆ ಕಾವ್ಯವೇ ಅಳಿದುಹೋಗಬಹುದಾದ ಕಾಲದಲ್ಲಿ ಅವಳು ಆ ಕಾರ್ಯ ಮಾಡಿದಳು. ದಾನಕ್ಕೆ ಪಾತ್ರವಿಚಾರ ಮುಖ್ಯ. ಯಾರಿಗೆ, ಏತಕ್ಕೆ ಕೊಡುತ್ತೇವೆಂಬ ಅರಿವಿಲ್ಲದೆ ಕೊಟ್ಟುದು ದಾನವೆನಿಸದು. ದೋಷವಿರುವುದು ಪ್ರತಿಗಳ ಸಂಖ್ಯೆಯಲ್ಲಲ್ಲ, ಪಡೆಯುವವನನ್ನು ಕುರಿತು ಯೋಚಿಸದಿರುವುದರಲ್ಲಿ.

ಪತ್ರವ್ಯವಹಾರದಲ್ಲಿಯೂ ಇಂತಹ ವಿವೇಕದ ಮಾದರಿ ಜೈನ ಸಮಾಜದಲ್ಲಿತ್ತು. ಪಶ್ಚಿಮ ಹಾಗೂ ಉತ್ತರ ಭಾರತದ ಶ್ವೇತಾಂಬರ ಸಂಘಗಳು ಆಚಾರ್ಯರನ್ನು ಚಾತುರ್ಮಾಸ್ಯಕ್ಕೆ ಆಮಂತ್ರಿಸಲು, ಕ್ಷಮಾಪಣೆಯನ್ನು ನಿವೇದಿಸಲು ವಿಜ್ಞಪ್ತಿಪತ್ರಗಳೆಂಬ ಉದ್ದನೆಯ ಸುರುಳಿಗಳನ್ನು ಕಳುಹಿಸುತ್ತಿದ್ದವು. ಆಗ್ರಾದ ಸಂಘವು 1610ರಲ್ಲಿ ವಿಜಯಸೇನಸೂರಿಗಳಿಗೆ ಕಳುಹಿಸಿದ ಸುರುಳಿಯಲ್ಲಿ ಶಾಲಿವಾಹನನೆಂಬ ಚಿತ್ರಕಾರನು ಜಹಾಂಗೀರನ ಆಸ್ಥಾನವನ್ನೂ ಚಿತ್ರಿಸಿದ್ದಾನೆ. ಅಲ್ಲಿ ಇಡೀ ಊರು ಸೇರಿ ಒಬ್ಬರಿಗೆ ಒಂದು ಪತ್ರ ಬರೆಯಿತು. ಇಂದು ಒಬ್ಬನೇ ಕುಳಿತು ಇಡೀ ಊರಿಗೆ ಸಾವಿರ ಪತ್ರ ಕಳುಹಿಸುತ್ತಾನೆ.

ಈ ವಿಪರ್ಯಾಸಕ್ಕೆ ಕಾರಣಗಳು ಎರಡು: ಅಂಚೆ ಅಗ್ಗವಾದುದು, ಕಾಗದ ಅಗ್ಗವಾದುದು. 1854ರಲ್ಲಿ ಭಾರತದಲ್ಲಿ ದೂರದ ಲೆಕ್ಕವಿಲ್ಲದೆ ಅರ್ಧಾಣೆಯ ಏಕರೂಪದ ಅಂಚೆದರ ಜಾರಿಗೆ ಬಂದಿತು. 1879ರಲ್ಲಿ ಕಾಲಾಣೆಯ ಅಂಚೆ ಕಾರ್ಡು ಬಂದಿತು. ಊರು ಬಿಟ್ಟು ಮುಂಬಯಿ, ಮದರಾಸು ಸೇರಿದ ಕರಾವಳಿಯ ಮಕ್ಕಳ ಯೋಗಕ್ಷೇಮ ಮನೆಗೆ ತಲುಪಿದುದು ಇದರಿಂದಲೇ. ಈ ಉಪಕಾರವನ್ನು ಮರೆಯಲಾಗದು. ಆದರೆ ಅದೇ ಕಾರ್ಡಿನಲ್ಲಿ, "ಇಷ್ಟು ಜನರಿಗೆ ಹೀಗೆಯೇ ಬರೆದರೆ ಶುಭ, ಹರಿದು ಹಾಕಿದರೆ ಕೇಡು" ಎಂಬ ಸರಪಳಿ ಪತ್ರಗಳೂ ಬಂದವು. ಭಯದಿಂದ ಬರೆದವರು ಭಯವನ್ನೇ ಮುಂದಕ್ಕೆ ದಾಟಿಸಿದರು. ಆಚಾರ್ಯರು ಲೋಕಮೂಢತೆಯೆಂದು ಕರೆದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಮುದ್ರಿತ ಸಾಮಗ್ರಿಗೆ ಅಗ್ಗದ ಬುಕ್‌ಪೋಸ್ಟ್ ಸೌಲಭ್ಯ ದೊರೆತುದರಿಂದ ಬೆಲೆಪಟ್ಟಿ, ಕರಪತ್ರ, ದೇಣಿಗೆಯ ಮನವಿಗಳಿಗೂ ದಾರಿ ಸುಗಮವಾಯಿತು.

ಕಾಗದ ಅಗ್ಗವಾದ ಬಗೆ ಇನ್ನೂ ವಿಚಾರಣೀಯ. ದಾಂಡೇಲಿಯ ಕಾಗದ ಕಾರ್ಖಾನೆಗೆ 1950ರ ದಶಕದ ಕೊನೆಯಲ್ಲಿ ಉತ್ತರ ಕನ್ನಡದ ಕಾಡಿನ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಯಂತೆ ದೊರೆಯಿತೆಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ಬುಟ್ಟಿ ಹೆಣೆಯುವ ಮೇದಾರರು ಅದೇ ಬಿದಿರಿಗೆ ಎಷ್ಟೋ ಪಾಲು ಹೆಚ್ಚು ಬೆಲೆ ತೆರಬೇಕಾಗಿತ್ತು. ಹತ್ತಿರದ ಬಿದಿರು ಮುಗಿದಂತೆ ದೂರದ ಕಾಡುಗಳನ್ನು ಅರಸಬೇಕಾಯಿತು. ಬೈಂದೂರು ತಾಲೂಕಿನ ಕೊಲ್ಲೂರಿನಿಂದ ಘಟ್ಟವನ್ನೇರಿದರೆ ದೊರೆಯುವ ಶಿವಮೊಗ್ಗ ಜಿಲ್ಲೆಯಲ್ಲಿಯೂ ಇದೇ ಕಥೆ ಬೇರೊಂದು ರೂಪದಲ್ಲಿ ನಡೆಯಿತು. 1936ರಲ್ಲಿ ಸ್ಥಾಪಿತವಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ ನಲವತ್ತು ವರ್ಷಗಳ ಅವಧಿಗೆ ವಿಸ್ತಾರವಾದ ಅರಣ್ಯಭೂಮಿಯನ್ನು ಗುತ್ತಿಗೆಗೆ ಕೊಡಲಾಯಿತು. ಅಲ್ಲಿ ಅಕೇಶಿಯಾ, ನೀಲಗಿರಿಯ ನೆಡುತೋಪುಗಳು ಎದ್ದವು. ನಮ್ಮ ಕೈಗೆ ಅಗ್ಗವಾಗಿ ಬಂದ ಹಾಳೆಯ ನಿಜವಾದ ಬೆಲೆಯನ್ನು ಕಾಡೂ ಕಾಡಿನ ಜೀವಿಗಳೂ ತೆತ್ತವು.

ಬೇಡದ ಅಂಚೆಯನ್ನು ತಗ್ಗಿಸಿದ ಒಂದು ಯಶಸ್ವಿ ಉದಾಹರಣೆಯನ್ನೂ ಇಲ್ಲಿ ಹೇಳಬೇಕು. ನಮ್ಮ ಕರಾವಳಿ ಬ್ಯಾಂಕುಗಳ ತವರು. ಕಾರ್ಪೊರೇಷನ್ ಬ್ಯಾಂಕು 1906ರಲ್ಲಿ, ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಉಡುಪಿಯಲ್ಲಿಯೇ ಹುಟ್ಟಿದವು. ಎರಡೂ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. 1990ರ ದಶಕದ ಕೊನೆಯಲ್ಲಿ ಇವು ಸಾರ್ವಜನಿಕರಿಗೆ ಷೇರು ನೀಡಿದ ಮೇಲೆ ಸಣ್ಣ ಷೇರುದಾರರ ಸಂಖ್ಯೆ ಬೆಳೆಯಿತು. ಒಂದೇ ಮನೆಯಲ್ಲಿ ನಾಲ್ವರು ಷೇರುದಾರರಿದ್ದರೆ ನಾಲ್ಕು ದಪ್ಪ ವಾರ್ಷಿಕ ವರದಿಗಳು ಬರುತ್ತಿದ್ದವು. 2011ರ ಏಪ್ರಿಲಿನಲ್ಲಿ ಕೇಂದ್ರದ ಕಂಪನಿ ವ್ಯವಹಾರಗಳ ಮಂತ್ರಾಲಯವು ಇಂತಹ ವರದಿಗಳನ್ನು ಇ-ಮೇಲ್ ಮೂಲಕ ಕಳುಹಿಸಲು ಕಂಪನಿಗಳಿಗೆ ಅವಕಾಶ ನೀಡಿತು. 2020ರಲ್ಲಿ ಸೆಬಿಯು ಮುದ್ರಿತ ಪ್ರತಿಯ ಕಡ್ಡಾಯವನ್ನು ಸಡಿಲಿಸಿತು. ಕೇಳಿದವರಿಗೆ ಮಾತ್ರ ಕಾಗದ ಎಂಬ ಸರಳ ನಿಯಮವು ಎಷ್ಟೋ ಮನೆಗಳ ಹೊರೆಯನ್ನು ಇಳಿಸಿತು.

ವ್ಯಾಪಾರದ ಕಂಪನಿಗಳು ಪಾಲಿಸಬಲ್ಲ ನಿಯಮವನ್ನು ಧರ್ಮಸಂಸ್ಥೆಗಳು ಪಾಲಿಸಬಾರದೆ? ಪಂಚಕಲ್ಯಾಣದ ಆಮಂತ್ರಣ, ರಥೋತ್ಸವದ ಪತ್ರಿಕೆ, ಜೀರ್ಣೋದ್ಧಾರದ ಮನವಿ, ದಶಲಕ್ಷಣ ಪರ್ವದ ನಂತರದ ಕ್ಷಮಾವಣಿಯ ಕಾರ್ಡು, ಇವೆಲ್ಲ ಸದುದ್ದೇಶದವೇ. ಆದರೆ ಅವುಗಳ ಮೇಲೆ ತೀರ್ಥಂಕರರ ಬಿಂಬವನ್ನು ಬಣ್ಣದಲ್ಲಿ ಮುದ್ರಿಸಿ, ಮೇಲೆ ಪ್ಲಾಸ್ಟಿಕ್ಕಿನ ಪದರ ಹೊದಿಸುತ್ತಾರೆ. ಕಾರ್ಯ ಮುಗಿದ ಮೇಲೆ ಆ ಪತ್ರಿಕೆಯನ್ನು ಏನು ಮಾಡಬೇಕು? ಕಸಕ್ಕೆ ಹಾಕಿದರೆ ಅವಿನಯ. ಸುಟ್ಟರೆ ಅಗ್ನಿಕಾಯಿಕ ಜೀವಗಳಿಗೆ ಹಿಂಸೆ, ಜೊತೆಗೆ ವಿಷದ ಹೊಗೆ. ಹೊಳೆಗೆ ಬಿಟ್ಟರೆ ಜಲಚರಗಳಿಗೆ ಬಾಧೆ. ರದ್ದಿಗೆ ಕೊಟ್ಟರೆ ಜಿನಬಿಂಬವು ಯಾವ ಅಂಗಡಿಯ ಪೊಟ್ಟಣವಾಗುವುದೋ ತಿಳಿಯದು. ಪ್ಲಾಸ್ಟಿಕ್ ಅಂಟಿದ ಕಾಗದವನ್ನು ಮರುಬಳಕೆ ಮಾಡುವುದೂ ಕಷ್ಟ. ಹೀಗೆ ಕಳುಹಿಸಿದವನು ಪುಣ್ಯವನ್ನು ತಾನು ಎಣಿಸಿಕೊಂಡು, ಅವಿನಯದ ಪಾಪವನ್ನು ಪಡೆದವನ ತಲೆಗೆ ಕಟ್ಟುತ್ತಾನೆ. ಸಾವಿರ ಜನರಿಗೆ ಅಚ್ಚು ಹಾಕಿಸಿದ ಕ್ಷಮಾವಣಿಯು, ನಾವು ನಿಜವಾಗಿ ನೋಯಿಸಿದ ಒಬ್ಬರ ಮನೆಗೆ ನಡೆದುಹೋಗಿ ಕೇಳುವ ಕ್ಷಮೆಗೆ ಎಂದಿಗೂ ಸಮನಾಗದು.

ತತ್ತ್ವಾರ್ಥಸೂತ್ರವು ಅನರ್ಥದಂಡವಿರತಿಯ ಅತಿಚಾರಗಳಲ್ಲಿ ಮೌಖರ್ಯ ಮತ್ತು ಅಸಮೀಕ್ಷ್ಯಾಧಿಕರಣಗಳನ್ನು ಎಣಿಸಿದೆ: ಮಿತಿಮೀರಿದ ಮಾತು ಹಾಗೂ ವಿಚಾರಿಸದೆ ಮಾಡುವ ಅತಿಯಾದ ಕಾರ್ಯ. ಬೇಡದ ಅಂಚೆಯಲ್ಲಿ ಎರಡೂ ಇವೆ. ಜಂಗಮವಾಣಿಯಲ್ಲಿ ಹಗಲಿರುಳು ಹಂಚುವ ಸಂದೇಶಗಳಿಗೆ ಕಾಗದ ಬೇಕಿಲ್ಲವಾದರೂ ಮೌಖರ್ಯದ ದೋಷ ಅಲ್ಲಿಯೂ ತಪ್ಪದು.

ಬಸದಿಗಳ ಆಡಳಿತ ಮಂಡಳಿಗಳು ಕೆಲವು ಕ್ರಮಗಳನ್ನು ಕೈಗೊಳ್ಳಬಹುದು. ಷಟ್ಖಂಡಾಗಮವು ಲಿಪಿಬದ್ಧವಾದ ನೆನಪಿಗೆ ಆಚರಿಸುವ ಶ್ರುತಪಂಚಮಿಯಂದು ಗ್ರಂಥಗಳ ಧೂಳು ಕೊಡಹುವುದು ನಮ್ಮ ಪದ್ಧತಿ. ಅಂದೇ ವಿಳಾಸಪಟ್ಟಿಯನ್ನೂ ಪರಿಶೋಧಿಸಲಿ: ತೀರಿಕೊಂಡವರ ಹೆಸರು, ಊರು ಬಿಟ್ಟವರ ಹೆಸರು, ಒಂದೇ ಮನೆಗೆ ಎರಡು ಮೂರು ಬಾರಿ ಬರೆದ ಹೆಸರುಗಳನ್ನು ತೆಗೆಯಲಿ. ಮನೆಗೊಂದೇ ಪತ್ರ ಸಾಕು. ಪತ್ರಿಕೆಯಲ್ಲಿ ಬಿಂಬದ ಚಿತ್ರವಾಗಲಿ, ಪ್ಲಾಸ್ಟಿಕ್ ಪದರವಾಗಲಿ ಬೇಡ. ಮುಂದೆಯೂ ಮುದ್ರಿತ ಪತ್ರ ಬೇಕೇ ಎಂದು ಒಮ್ಮೆ ಕೇಳಿ, ಬೇಡವೆಂದವರ ಮಾತನ್ನು ಗೌರವಿಸಲಿ. ಶ್ರಾವಕರೂ ಸುಮ್ಮನಿರಬಾರದು. ಬೇಡದ ಲಕೋಟೆಯನ್ನು ಒಡೆಯದೆ ನಿರಾಕರಿಸಿ ಅಂಚೆಯವರಿಗೆ ಹಿಂದಿರುಗಿಸುವ ಅವಕಾಶವಿದೆ. ಕಳುಹಿಸಿದ ಸಂಸ್ಥೆಗೆ, ಹೆಸರನ್ನು ಪಟ್ಟಿಯಿಂದ ತೆಗೆಯಿರೆಂದು ವಿನಯದಿಂದ ಒಮ್ಮೆ ಬರೆಯಬಹುದು. ಒಂದು ಬದಿ ಖಾಲಿಯಿರುವ ಹಾಳೆಗಳನ್ನು ಮಕ್ಕಳ ಲೆಕ್ಕಕ್ಕೆ ಬಳಸಬಹುದು.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಯಲ್ಲಿ ಇಂದು ಜೈನ ಮನೆಗಳು ವಿರಳ. ಅಲ್ಲಿಯ ಒಂದೊಂದು ಮನೆಗೂ ದೂರದ ಬಸದಿಯಿಂದ ಬರುವ ಪತ್ರವು ಸಮಾಜದೊಡನೆ ಇರುವ ನಂಟು. ಆ ನಂಟು ಬೆಲೆಯುಳ್ಳದ್ದಾಗಿ ಉಳಿಯಬೇಕಾದರೆ ಪತ್ರಗಳು ಕಡಿಮೆಯಾಗಬೇಕು. ಬಂದ ಪತ್ರದಲ್ಲಿ ಆ ಮನೆಯವರ ಹೆಸರು ಕೈಬರಹದಲ್ಲಿರಬೇಕು.