ನಾಲ್ಕನೆಯ ಹೆಗಲು

ಹೆಣ ಎತ್ತೋಕೆ ನಾಲ್ಕು ಹೆಗಲು ಬೇಕು. 1870ರ ದಶಕದ ಬರಗಾಲದಲ್ಲಿ ಲಕ್ಷ್ಮೀಬಾಯಿ ಡೋಂಗ್ರೆ ಎಂಬ ಬ್ರಾಹ್ಮಣ ಹೆಂಗಸು ಹಸಿವು, ಕಾಯಿಲೆಗಳಿಂದ ಸತ್ತಾಗ ಸ್ವಜಾತಿಯವರಲ್ಲಿ ಬಂದವರು ಇಬ್ಬರೇ. ಮಗ ಮೂರನೆಯವನಾದ. ನಾಲ್ಕನೆಯವಳಾಗಿ ನಿಂತವಳು ಮಗಳು. ಗಿಡ್ಡಗಿದ್ದ ಅವಳ ಹೆಗಲಿಗೆ ಚಟ್ಟ ಎಟುಕಲಿಲ್ಲ. ತಲೆಯ ಮೇಲೆ ಹೊತ್ತು ಸುಡುಗಾಡಿಗೆ ನಡೆದಳು.

ಆ ಹುಡುಗಿಯೇ ಪಂಡಿತಾ ರಮಾಬಾಯಿ. 1858ರಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವಳು. ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಸಂಪ್ರದಾಯಸ್ಥರ ಕಾಟ ತಿಂದ ಅನಂತಶಾಸ್ತ್ರಿಗಳ ಮಗಳು.

1880ರಲ್ಲಿ ಜಾತಿಯ ಗೋಡೆ ಒಡೆದು ಬ್ರಾಹ್ಮಣನಲ್ಲದ ಬಂಗಾಳಿ ವಕೀಲ ಬಿಪಿನ್ ಬಿಹಾರಿಯನ್ನು ಮದುವೆಯಾದಳು. ಮರುವರ್ಷ ಮಗಳು ಮನೋರಮಾ ಹುಟ್ಟಿದಳು. 1882ರಲ್ಲಿ ಕಾಲರಾ ಗಂಡನನ್ನು ಒಯ್ದಿತು. ಕಂಕುಳಲ್ಲಿ ಕೂಸು, ಹಣೆಯ ಮೇಲೆ ವಿಧವೆಯೆಂಬ ಹಣೆಪಟ್ಟಿ. 1883ರಲ್ಲಿ ಕೂಸಿನ ಜೊತೆ ಇಂಗ್ಲೆಂಡಿಗೆ ಹೋದಳು. ವಾಂಟೇಜ್‌ನ ಸನ್ಯಾಸಿನಿಯರ ಮಠದಲ್ಲಿದ್ದಾಗ ತಾಯಿ ಮಗಳಿಬ್ಬರೂ ಕ್ರೈಸ್ತರಾದರು.

ಇಲ್ಲಿಗೆ ಕತೆ ಮುಗೀತು ಅನ್ನೋರೇ ಜಾಸ್ತಿ. ಮುಗಿಯಲಿಲ್ಲ. ಮಠದವರು ಪ್ರೀತಿ ಕೊಟ್ಟರು, ನಿಜ. ಆ ಪ್ರೀತಿಯ ಜೊತೆ ಯಜಮಾನಿಕೆಯೂ ಬಂತು. ಮಗುವಿಗೆ ಯಾವ ನಂಬಿಕೆ ಕಲಿಸಬೇಕು, ಹೇಗೆ ಬೆಳೆಸಬೇಕು, ಯಾರು ಹೇಳಬೇಕು? ಸಿಸ್ಟರ್ ಜೆರಾಲ್ಡಿನ್ ಜೊತೆ ರಮಾಬಾಯಿ ಕಾಗದದ ಮೇಲೆ ಕಾಗದ ಬರೆದು ಜಗಳವಾಡಿದಳು. ಗಂಡಸರಿಗೆ ಪಾಠ ಹೇಳಬಾರದೆಂದ ಬಿಷಪ್ಪರನ್ನೂ ಬಿಡಲಿಲ್ಲ. ಒಂದು ಪುರೋಹಿತಶಾಹಿಯಿಂದ ತಪ್ಪಿಸಿಕೊಂಡು ಬಂದವಳು ಇನ್ನೊಂದಕ್ಕೆ ತಲೆಬಾಗೋಕೆ ಒಪ್ಪಲಿಲ್ಲ. ಇತ್ತ ಪುಣೆಯ ಬ್ರಾಹ್ಮಣರು ಅವಳನ್ನು ಹೀಯಾಳಿಸುತ್ತಿದ್ದಾಗ, 1885ರಲ್ಲಿ 'ಸತ್ಸಾರ'ದಲ್ಲಿ ಅವಳ ಪರ ಬರೆದವರು ಜೋತಿಬಾ ಫುಲೆ.

1889ರಲ್ಲಿ ಮುಂಬಯಿಯಲ್ಲಿ 'ಶಾರದಾ ಸದನ' ತೆರೆದಳು. ಅಮೆರಿಕದ ಬೆಂಬಲಿಗರು ಹಣ ಕೂಡಿಸಿಕೊಟ್ಟಿದ್ದರು. ಇಲ್ಲಿ ನಾವು ಮುಚ್ಚುಮರೆಯಿಲ್ಲದೆ ಹೇಳಬೇಕು: ಅದು ಮುಖ್ಯವಾಗಿ ಮೇಲ್ಜಾತಿಯ ವಿಧವೆಯರ ಮನೆ. ಜಾತಿಯ ಕಟ್ಟಳೆ ಪಾಲಿಸಲು ಅಲ್ಲಿ ಅವಕಾಶವಿತ್ತು. ಹೊಲಗೇರಿಯ ತಾಯಿ ಆ ಹೊಸ್ತಿಲಿನಾಚೆಯೇ ಇದ್ದಳು. ಅಷ್ಟು ಹುಷಾರಾಗಿ ನಡೆದರೂ 1893ರಲ್ಲಿ ಮತಾಂತರದ ಗುಲ್ಲೆದ್ದಿತು. ರಾನಡೆ, ಭಂಡಾರ್ಕರ್‌ರಂಥ ಸುಧಾರಕರೇ ಕೈಬಿಟ್ಟರು. ಹಲವು ಹುಡುಗಿಯರನ್ನು ಮನೆಯವರು ಎಳೆದುಕೊಂಡು ಹೋದರು.

ಆ ಹೊಸ್ತಿಲನ್ನು ಒಡೆದದ್ದು ಬರಗಾಲ. 1896-97ರಲ್ಲಿ ಮಧ್ಯಪ್ರಾಂತದ ಬರಪೀಡಿತ ಊರುಗಳನ್ನು ಸುತ್ತಿ ಹಸಿದ ಹುಡುಗಿಯರನ್ನು ಕರೆತಂದಳು. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ 'ಮುಕ್ತಿ' ಹುಟ್ಟಿತು. 1900ರ ಗುಜರಾತಿನ ಬರದ ಹೊತ್ತಿಗೆ ಅಲ್ಲಿ ಸುಮಾರು ಎರಡು ಸಾವಿರ ಜನ. ಈಗ ಜಾತಿ ಕೇಳಿ ಬಾಗಿಲು ತೆಗೆಯೋ ಕಾಲ ಹೋಗಿತ್ತು. 'ಕೆಟ್ಟವಳು' ಎಂದು ಊರು ಹೊರದಬ್ಬಿದ ಹೆಂಗಸರಿಗೆ 'ಕೃಪಾ ಸದನ' ಇತ್ತು. ಹೊಲ, ಮಗ್ಗ, ಗಾಣ, ಅಚ್ಚುಕೂಟ ಎಲ್ಲದರಲ್ಲೂ ಹೆಂಗಸರೇ. ರಮಾಬಾಯಿ ಹೀಬ್ರೂ, ಗ್ರೀಕಿನಿಂದ ಮರಾಠಿಗೆ ತಂದ ಬೈಬಲಿಗೆ ಮೊಳೆ ಜೋಡಿಸಿದವರೂ ಅವರೇ.

ಹಸಿದ ಹುಡುಗಿ ದೀಕ್ಷೆ ತಗೊಂಡರೆ ಅದು ಎಷ್ಟರ ಮಟ್ಟಿಗೆ ಅವಳ ಸ್ವಂತ ಆಯ್ಕೆ? ಈ ಪ್ರಶ್ನೆ ಕೇಳಲೇಬೇಕು. ಆದರೆ ಅದನ್ನು ಕೇಳುವವರು, ಆ ಹುಡುಗಿ ದಾರಿಬದಿಯಲ್ಲಿ ಬಿದ್ದಿದ್ದಾಗ ತಾವೆಲ್ಲಿದ್ದೆವು ಅನ್ನೋದನ್ನೂ ಹೇಳಬೇಕು.

ಬೆಳೆದ ಮನೋರಮಾ ತಾಯಿಯ ಬಲಗೈಯಾದಳು. 1910ರ ದಶಕದಲ್ಲಿ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಗುಲಬರ್ಗಾದಲ್ಲಿ ಶಾಲೆ ಕಟ್ಟಲು ದುಡಿದಳು. 1921ರಲ್ಲಿ ಮಗಳು ತೀರಿಕೊಂಡಳು, 1922ರ ಏಪ್ರಿಲ್‌ನಲ್ಲಿ ತಾಯಿ.

ಧರ್ಮ ಬದಲಾದರೆ ಜಾತಿ ಹೋಗುತ್ತದೆಂದು ನಂಬುವಂತಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ದಲಿತ ಕ್ರೈಸ್ತ ತಾಯಿ ಪರಿಶಿಷ್ಟ ಜಾತಿಯವಳಲ್ಲ. ಆದರೆ ಕೇರಿ ಅವಳನ್ನು ಬಿಟ್ಟಿಲ್ಲ. ಹಾಗಾದರೆ ಅವಳ ಜೊತೆ ನಿಲ್ಲೋರು ಯಾರು? ಗೆಳೆಯರೇ, ನಮ್ಮ ಸಂಘಟನೆಯ ಸಭೆಗೆ ಕಂಕುಳ ಕೂಸಿನ ಸಮೇತ ಒಬ್ಬ ಹೆಂಗಸು ಬಂದರೆ, ಅವಳು ಮಾತಾಡಿ ಮುಗಿಸೋವರೆಗೆ ಆ ಕೂಸನ್ನು ಎತ್ತಿಕೊಳ್ಳೋರು ನಮ್ಮಲ್ಲಿ ಎಷ್ಟು ಜನ ಇದ್ದೇವೆ?