ಹೆಸರು ತಪ್ಪಿದ ಹಸಿರು ಕೀಟ

ಬಸವಕಲ್ಯಾಣ, ಹುಮನಾಬಾದ್ ಕಡೆ ಹಿಂಗಾರಿನಲ್ಲಿ ಕುಸುಬೆ ಬೆಳೆದವರಿಗೆ ಹೇನಿನ ಕಾಟವನ್ನು ಯಾರೂ ವಿವರಿಸಬೇಕಾಗಿಲ್ಲ. ಕಪ್ಪಗೆ ಮುತ್ತಿಕೊಂಡು ರಸ ಹೀರಿ ಗಿಡವನ್ನೆಲ್ಲ ಅಂಟು ಮಾಡುತ್ತದೆ. ಆ ಹೇನಿನ ನಡುವೆ, ಕೂದಲೆಳೆಯಂತಹ ಕಡ್ಡಿಗಳ ತುದಿಯಲ್ಲಿ ಒಂದೊಂದಾಗಿ ಕುಳಿತ ಮೊಟ್ಟೆಗಳು ಕಂಡರೆ ಔಷಧಿ ಹೊಡೆಯುವ ಕೈ ತುಸು ತಡೆಯಬೇಕು. ಅವು ಹಸಿರು ಜಾಲರೆಕ್ಕೆ ಕೀಟದ ಮೊಟ್ಟೆಗಳು. ಮೊದಲು ಹೊರಬಂದ ಮರಿ ಒಡಹುಟ್ಟುಗಳನ್ನೇ ತಿಂದುಹಾಕೀತು. ಕಡ್ಡಿಯ ಏರ್ಪಾಡು ಅದನ್ನು ತಡೆಯುತ್ತದೆ. ಕುಡುಗೋಲಿನಂತಹ ದವಡೆಗಳನ್ನು ಚುಚ್ಚಿ ಹೇನನ್ನು ಹೀರುವ ಮರಿಯ ಹಸಿವು ಅಂಥದು! ಬೆಳೆದ ಕೀಟ ಮಾತ್ರ ಸಾಧು. ಮಕರಂದ, ಪರಾಗ, ಹೇನು ಸುರಿಸುವ ಸಿಹಿಯಂಟು ಅದಕ್ಕೆ ಸಾಕು.

ಇಂಥ ಉಪಕಾರಿಯನ್ನು ನಾವು ಬಹುಕಾಲ ಬೇರೆಯವರ ಹೆಸರಿನಿಂದ ಕರೆದೆವು. 1836ರಲ್ಲಿ ಇಂಗ್ಲೆಂಡಿನ ಸ್ಟೀಫನ್ಸ್ ಎಂಬಾತ ಇಂಥದೇ ಒಂದು ಕೀಟಕ್ಕೆ 'ಕಾರ್ನಿಯಾ', ಅಂದರೆ ಮಾಂಸವರ್ಣದ್ದು, ಎಂದು ಹೆಸರಿಟ್ಟ. ಯುರೋಪಿನ ಚಳಿಗಾಲದಲ್ಲಿ ಅದರ ಹಸಿರು ಕಂದಿ ಕೆಂಗಂದಾಗುತ್ತದೆ. ಮುಂದೆ 'ಕ್ರೈಸೊಪರ್ಲಾ' ಕುಲಕ್ಕೆ ಸೇರಿದ ಆ ಹೆಸರು ಭಾರತದ ಕೀಟಕ್ಕೂ ಅಂಟಿತು. ಬೆಂಗಳೂರಿನಲ್ಲಿ 1957ರಲ್ಲಿ ಜೈವಿಕ ನಿಯಂತ್ರಣ ಕೇಂದ್ರ ಆರಂಭವಾಯಿತು. ಮುಂದಿನ ದಶಕಗಳಲ್ಲಿ ನಮ್ಮ ಪ್ರಯೋಗಾಲಯಗಳು ಅಕ್ಕಿ ಪತಂಗದ ಮೊಟ್ಟೆ ತಿನ್ನಿಸಿ ಈ ಕೀಟವನ್ನು ರೈತರಿಗಾಗಿ ಸಾಕಿದಾಗಲೂ ಕರಪತ್ರಗಳಲ್ಲಿ ಅಚ್ಚಾದದ್ದು ಕಾರ್ನಿಯಾ ಎಂದೇ. ರೂಪ ಒಂದೇ ಆದಾಗ ಯಾರನ್ನು ದೂರುವುದು?

ಗುಟ್ಟು ಬಿಟ್ಟುಕೊಟ್ಟದ್ದು ರೂಪವಲ್ಲ, ಹಾಡು. ಜೋಡಿ ಹುಡುಕುವ ಕೀಟ ಹೊಟ್ಟೆಯನ್ನು ಅದುರಿಸುತ್ತದೆ. ಎಲೆಯ ಮೂಲಕ ಹರಿಯುವ ಆ ಕಂಪನ ನಮ್ಮ ಕಿವಿಗೆ ಕೇಳಿಸದು. ಮತ್ತೊಂದು ಕೀಟ ಅದೇ ಲಯದಲ್ಲಿ ಉತ್ತರಿಸಿದರೆ ಮಾತ್ರ ಕೂಡಿಕೆ. ಅಮೆರಿಕದ ಚಾರ್ಲ್ಸ್ ಹೆನ್ರಿ ದಶಕಗಳ ಕಾಲ ಈ ಲಯಗಳನ್ನು ದಾಖಲಿಸಿದರು. ಒಂದೇ ಜಾತಿ ಎಂದುಕೊಂಡದ್ದರಲ್ಲಿ ಹಲವು ಜಾತಿಗಳು ಅಡಗಿದ್ದವು. 2010ರಲ್ಲಿ ಅವರು, ಬೆಂಗಳೂರಿನ ವೆಂಕಟೇಶನ್ ಮತ್ತಿತರರು ಕೂಡಿ, ಭಾರತದ ಬೆಳೆಗಳಲ್ಲಿರುವ ಮುಖ್ಯ ಕೀಟ 'ಕ್ರೈಸೊಪರ್ಲಾ ಜಾಸ್ಟ್ರೋವಿ ಸಿಲೆಮಿ' ಎಂದು ತೋರಿಸಿದರು. ಅದರ ನೆಂಟಸ್ತಿಕೆ ಚಳಿಯ ಯುರೋಪಿನೊಡನಲ್ಲ, ಪಶ್ಚಿಮ ಏಷ್ಯಾ, ಆಫ್ರಿಕಗಳ ಬಿಸಿಲ ನಾಡುಗಳೊಡನೆ.

ಕಲ್ಯಾಣ ಬಸವಕಲ್ಯಾಣವಾದಾಗ ಊರು ಬದಲಾಗಲಿಲ್ಲ, ಕೀಟವೂ ಹಾಗೆಯೇ ಅಲ್ಲವೇ ಎನ್ನಬಹುದು. ಆದರೆ ಇಲ್ಲಿ ಹೆಸರಿನ ಜೊತೆ ಲೆಕ್ಕವೂ ಬದಲಾಗುತ್ತದೆ. ಯುರೋಪಿನ ಕೀಟ ಎಷ್ಟು ಸೆಖೆ ತಾಳುತ್ತದೆ, ಯಾವ ಔಷಧಿಗೆ ಸಾಯುತ್ತದೆ ಎಂಬುದನ್ನು ನಮ್ಮ ಹೊಲಕ್ಕೆ ಹಾಗೆಯೇ ಹೊಂದಿಸುವಂತಿಲ್ಲ. ಹಳೆಯ ಕೈಪಿಡಿ ಇಟ್ಟುಕೊಂಡವರು ಕಾರ್ನಿಯಾ ಎಂದಿರುವಲ್ಲಿ ಪೆನ್ನಿನಿಂದ ತಿದ್ದಿಕೊಳ್ಳುವುದು ಒಳ್ಳೆಯದು.